ಕೋದಂಡಪ್ಪನ ಕಾರು ಕುದಿದ ದಿನ

ಸಾಯುವ ಹಿಂದಿನ ದಿನ ಕೋದಂಡಪ್ಪ ಕಾರಿನ ಕೆಳಗೆ ಮಲಗಿದ್ದ. ಹೊರಗೆ ಕಾಲು ಮಾತ್ರ ಕಾಣುತ್ತಿತ್ತು. ಹೆಂಡತಿ ಪಾಪಕ್ಕ ಹುರುಳಿ ಸಾರು ಇಳಿಸಿ, ಮುದ್ದೆ ಕಟ್ಟಿ, ಎರಡು ಸಲ ಊಟಕ್ಕೆ ಕರೆದಳು. ಅವನು ಏಳಲಿಲ್ಲ.

ಅದು ಐವತ್ತೆಂಟನೇ ಇಸವಿ. ಯುಗಾದಿ ಕಳೆದ ಬಿಸಿಲು, ಭಾನುವಾರ. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಕಾರು ಹಳೇ ಮಾರಿಸ್, ಚಿನ್ನದ ಗಣಿಯ ಬಿಳಿ ದೊರೆಯೊಬ್ಬ ಸೀಮೆಗೆ ವಾಪಸು ಹೋಗುವಾಗ ಮಾರಿದ್ದು. ಕೊಂಡವನು ಮಂಡಿ ಆದಿನಾರಾಯಣ. ಓಡಿಸುವವನು ಕೋದಂಡಪ್ಪ. ನಿಲ್ಲುವುದು ಪಾಪಕ್ಕನ ಅಂಗಳದಲ್ಲಿ, ಹುಣಸೆ ಮರದ ಕೆಳಗೆ. ರೈಲು ಇಳಿದವರನ್ನು ಉರಿಗಾಂ, ಚಾಂಪಿಯನ್ ರೀಫ್ಸ್, ಕೋರಮಂಡಲ್ ಗಣಿಗಳ ಕಡೆ ಬಿಟ್ಟು ಬರುವುದು ಅವನ ಕಸುಬು.

ಅವನ ಅಪ್ಪ ಗಣಿಗೆ ಇಳಿದು, ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತವನು. "ನಾನು ನೆಲದ ಮ್ಯಾಲೇ ದುಡೀತೀನಿ" ಎಂದು ಮಗ ಹಟ ಹಿಡಿದು ಇದ್ದಿಲು ಗ್ಯಾಸಿನ ಬಸ್ಸಿಗೆ ಕ್ಲೀನರ್ ಆಗಿ ಸೇರಿದ. ಆಮೇಲೆ ಡ್ರೈವರ್ ಆದ. ಮಾತು ಕಡಿಮೆ. ಸಿಟ್ಟು ಬಂದರೆ ಕಾರು ಒರೆಸುವನು. ಖುಷಿಯಾದರೂ ಕಾರು ಒರೆಸುವನು. ಯಾವಾಗ ಯಾವುದು ಎಂದು ಪಾಪಕ್ಕನಿಗೆ ಮಾತ್ರ ತಿಳಿಯುತ್ತಿತ್ತು.

ಆ ಕಾರು ವಾರದಿಂದ ಕುದಿಯುತ್ತಿತ್ತು. ಉರಿಗಾಂ ಏರು ಬಂತೆಂದರೆ ಮೂತಿಯಿಂದ ಬುಸ್ಸೆಂದು ಆವಿ. ಕೂತವರು ಬೈದುಕೊಂಡು ಇಳಿದು ನಡೆಯುತ್ತಿದ್ದರು. ಅವತ್ತು ಬೆಳಗ್ಗೆ ಆದಿನಾರಾಯಣ ಬಂದು ಹೇಳಿ ಹೋಗಿದ್ದ.

"ನೋಡು ಕೋದಂಡ, ನಾಳೇನೂ ಕುದೀತೂ ಅಂದ್ರೆ ಗುಜರಿಗೆ ಆಕ್ತೀನಿ. ಆಮ್ಯಾಕೆ ನೀನು ಎತ್ತಿನ ಗಾಡಿ ಓಡ್ಸು. ಅದು ಕುದಿಯಾಕಿಲ್ಲ."

ಕೋದಂಡಪ್ಪ ಕಾರಿನ ಕೆಳಗೆ ತೂರಿದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಕುಪ್ಪುಸ್ವಾಮಿ ಸೈಕಲ್ ತುಳಿದುಕೊಂಡು ಬಂದ. ಹಿಂದೆ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕೋದಂಡಪ್ಪನ ಜೊತೆಗಿದ್ದವನು, ಈಗ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್.

"ಅಣ್ಣೇ, ಎದ್ದು ಬಾ. ಜ್ವರ ತಲೇಲೈತೆ, ನೀನು ಪಾದ ಇಡ್ಕೊಂಡು ಮಲಗಿದ್ದೀಯ."

ಅವನು ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದ. ಬಿಗಿಯಾಗಿತ್ತು. ರಬ್ಬರ್ ಪೈಪು ಹಿಸುಕಿದ. ಗಟ್ಟಿಯಿತ್ತು. ನೀರೂ ಇತ್ತು. ಆಮೇಲೆ ಎಂಜಿನ್ ಓಡಲು ಬಿಟ್ಟು, ಅದರ ಬಿಸಿ ನೀರನ್ನು ಆರಿಸುವ ರೇಡಿಯೇಟರಿನ ಮೇಲ್ಭಾಗಕ್ಕೆ ಕೈಯಿಟ್ಟ. ಚುರ್ ಎಂದಿತು. ಕೆಳಭಾಗ ಮುಟ್ಟಿದ. ತಣ್ಣಗಿತ್ತು.

"ಮ್ಯಾಲೆ ಒಲೆ, ಕೆಳಗೆ ಬಾವಿ. ನೀರು ಇಳೀತಾ ಇಲ್ಲ. ಒಳಗೇನೋ ಅಡ್ಡ ಕೂತೈತೆ."

"ಬಾವಿ ನೀರಿನ ಉಪ್ಪು ಕಟ್ಟಿರಬೇಕು" ಎಂದ ಕೋದಂಡಪ್ಪ. ಅಷ್ಟು ಬೇಗ ಅವನು ಯಾವತ್ತೂ ಮಾತಾಡಿದವನಲ್ಲ. ಪಾಪಕ್ಕ ತಲೆ ಎತ್ತಿ ನೋಡಿದಳು.

ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಕುಪ್ಪುಸ್ವಾಮಿ ಒದ್ದೆ ಗೋಣಿ ಹಾಕಿ ಮುಚ್ಚಳ ತಿರುಗಿಸಿದ. ಉಳಿದಿದ್ದ ಆವಿ ಅಂಗಳಕ್ಕೆಲ್ಲ ಹರಡಿತು. ಪಾಪಕ್ಕ ಮೂಗೆಳೆದಳು.

"ಏನಯ್ಯಾ ಇದು, ಅಂಬಲಿ ವಾಸ್ನೆ!"

ಕುಪ್ಪುಸ್ವಾಮಿ ಕಡ್ಡಿ ಅದ್ದಿ ತೆಗೆದ. ಕಂದು ಗಂಜಿ ಅಂಟಿಕೊಂಡು ಬಂತು. ಕೋದಂಡಪ್ಪ ಬಟ್ಟೆ ತೆಗೆದುಕೊಂಡು ಕಾರಿನ ದೀಪ ಒರೆಸತೊಡಗಿದ್ದ.

"ಅಣ್ಣೇ, ಏನು ಆಕ್ದೆ ಇದ್ರೊಳಗೆ?"

"ಸೋರ್ತಿತ್ತು."

"ಸೋರಿದ್ರೆ?"

"ಬೂದಿಕೋಟೆ ರಸ್ತೇಲಿ ಲಾರಿಯೋನೊಬ್ಬ ಏಳ್ದ. ಒಂದಿಡಿ ಅರಿಶಿನ ಆಕು, ತೂತು ಮುಚ್ಕಂತದೆ ಅಂತ."

"ಇದು ಅರಿಶಿನ ಅಲ್ವಲ್ಲಣ್ಣೇ."

"ಮನೇಲಿ ಅರಿಶಿನ ಕಮ್ಮಿ ಇತ್ತು. ರಾಗಿ ಇಟ್ಟು ಇತ್ತು."

"ಒಂದಿಡಿನಾ?"

"ಒಂದಿಡಿಗೆ ನಿಲ್ಲಲಿಲ್ಲ."

ಪಾಪಕ್ಕ ಸೊಂಟಕ್ಕೆ ಕೈಯಿಟ್ಟಳು. "ಮಡಕೇಲಿ ಇಟ್ಟು ಇಳೀತಾ ಐತೆ, ಇಲಿ ತಿಂತಾ ಐತೆ ಅಂತ ಬೋನು ಇಟ್ಟೆನಲ್ಲ ನಾನು! ಆ ಇಲಿ ಖಾಕಿ ಅಂಗಿ ಆಕ್ಕಂಡೈತೆ ಅಂತ ಯಾರಿಗೆ ಗೊತ್ತು?"

ಕುಪ್ಪುಸ್ವಾಮಿ ನಕ್ಕು ನಕ್ಕು ನೆಲಕ್ಕೆ ಕುಳಿತ. "ಅಡಪಾವಿ! ಊರೋರೆಲ್ಲ ಪೆಟ್ರೋಲಲ್ಲಿ ಓಡಿಸ್ತಾರೆ, ನೀನು ಮುದ್ದೇಲಿ ಓಡಿಸ್ತೀಯ."

ಕೋದಂಡಪ್ಪನಿಗೂ ನಗು ಬಂತು. ತಡೆದುಕೊಂಡ.

ಇಬ್ಬರೂ ರೇಡಿಯೇಟರ್ ಬಿಚ್ಚಿ ಇಳಿಸಿದರು. ಕುಪ್ಪುಸ್ವಾಮಿ ಕಂಬಿ ಹಾಕಿ ಕೆರೆಯಲು ಹೋದ. ಪಾಪಕ್ಕ ಬಿಡಲಿಲ್ಲ.

"ಇಟ್ಟು ಅಡಿ ಇಡಿದ ಮಡಕೇನ ಯಾರಾನ ಕೆರೀತಾರಾ? ಮಡಕೇನೇ ಓಯ್ತದೆ. ನೆನೆಯಾಕು."

ಬಟ್ಟೆ ಒಗೆಯುವ ಸೋಡ ಕಲಸಿದ ಬಿಸಿ ನೀರು ತುಂಬಿ, ಬಿಸಿಲಿಗಿಟ್ಟು, ಮೂವರೂ ಉಣ್ಣಲು ಕೂತರು. ಮುದ್ದೆ ಬಡಿಸುವಾಗ ಕುಪ್ಪುಸ್ವಾಮಿ ಕೇಳಿದ, "ಅಕ್ಕಾ, ಕಾರಿಗೆ ಮಿಕ್ಕಿದ್ದಾ ಇದು?"

ಉಂಡೆದ್ದು ರೇಡಿಯೇಟರ್ ತಲೆಕೆಳಗು ಮಾಡಿ ತಳದಿಂದ ನೀರು ಸುರಿದರು. ಮೊದಲು ಗಂಜಿ ಬಂತು, ಆಮೇಲೆ ಕದಡಿದ ನೀರು, ಬಹಳ ಹೊತ್ತಿಗೆ ತಿಳಿ ನೀರು. ಹಿಟ್ಟಿನಲ್ಲಿ ಮುಚ್ಚಿದ್ದ ತೂತೂ ಕಂಡಿತು. ಕುಪ್ಪುಸ್ವಾಮಿ ಅದಕ್ಕೆ ಸೀಸ ಕಾಸಿ ಬೆಸೆದ. "ಇನ್ಮೇಲೆ ಸೀ ನೀರೇ ಆಕಣ್ಣೇ. ಬಟ್ಟೇಲಿ ಸೋಸಿ" ಎಂದ.

ಇನ್ನು ಏರು ಹತ್ತಿಸಿ ನೋಡಬೇಕಿತ್ತು.

"ಇಂದ್ಗಡೆ ಭಾರ ಬೇಕು. ಅಕ್ಕಾ, ಬಂದು ಕೂತ್ಕ" ಎಂದ ಕುಪ್ಪುಸ್ವಾಮಿ.

ಅಷ್ಟು ವರ್ಷ ಅಂಗಳದಲ್ಲೇ ನಿಂತಿದ್ದ ಕಾರಿನಲ್ಲಿ ಪಾಪಕ್ಕ ಒಂದು ದಿನವೂ ಕೂತಿರಲಿಲ್ಲ. ಸಾಹುಕಾರರ ಕಾರು ಎಂದು ಕೋದಂಡಪ್ಪ ಕೂರಿಸಿರಲಿಲ್ಲ. ಅವತ್ತು ತಾನೇ ಬಾಗಿಲು ತೆಗೆದ. ಉರಿಗಾಂ ಏರಿನಲ್ಲಿ ಮೂವರೂ ಮೂತಿಯನ್ನೇ ನೋಡಿದರು. ಆವಿ ಬರಲಿಲ್ಲ. ಚಾಂಪಿಯನ್ ರೀಫ್ಸ್ ದಾಟಿ ಕೋರಮಂಡಲ್‌ವರೆಗೂ ಹೋದರು. ಆವಿ ಬರಲಿಲ್ಲ. ಚಿನ್ನ ತೆಗೆದು ಸುರಿದ ಬೂದಿ ಬಣ್ಣದ ಸೈನೈಡ್ ಮಣ್ಣಿನ ದಿಬ್ಬಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಕುಪ್ಪುಸ್ವಾಮಿಯನ್ನು ಅಲ್ಲೇ ಇಳಿಸಿ, ಸೈಕಲ್ ನಾಳೆ ತರುತ್ತೇನೆಂದು ಹೇಳಿ, ಗಂಡ ಹೆಂಡತಿ ವಾಪಸು ಬಂದರು.

"ಎಂಗೈತೆ?" ಎಂದು ಕೇಳಿದ ದಾರಿಯಲ್ಲಿ.

"ಚೆಂದಾಗೈತೆ" ಎಂದಳು.

ಮನೆಗೆ ಬಂದು ಅವನು ಕತ್ತಲಾಗುವವರೆಗೆ ಕಾರು ಒರೆಸಿದ.

ಮರುದಿನ ಬೆಳಗ್ಗೆ ಮೊದಲ ರೈಲಿಗೆ ಹೊರಟ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ. ಎಂಜಿನ್ ಹತ್ತಿಕೊಂಡಿತು. ಅವನು ಬಿದ್ದ. ಪಾಪಕ್ಕ ಓಡಿ ಬರುವುದರೊಳಗೆ ಮುಗಿದಿತ್ತು. ಎದೆ ನಿಂತಿದೆ ಎಂದರು ಡಾಕ್ಟರು. ಅವರು ಬರುವವರೆಗೂ ಎಂಜಿನ್ ಓಡುತ್ತಲೇ ಇತ್ತು. ಕುದಿಯಲಿಲ್ಲ. ಯಾರೋ ಆರಿಸಿದರು.

ತಿಥಿ ಕಳೆದ ಮೇಲೆ ಆದಿನಾರಾಯಣ ಬಂದ. ಕಾರಿನ ಮೂತಿ ಮುಟ್ಟಿ ನೋಡಿದ.

"ಗುಜರಿಗೆ ಆಕಾಕಿಲ್ಲ ಕಣಮ್ಮ. ನಿನ್ನ ಮೈದುನ ಓಡ್ಸಲಿ. ಇಲ್ಲೇ ನಿಂತ್ಕಳ್ಳಿ."

ಮೈದುನ ಮುನಿಸ್ವಾಮಪ್ಪ ಈಗಲೂ ಓಡಿಸುತ್ತಾನೆ. ಇದು ಅರವತ್ತಾರನೇ ಇಸವಿ. ಕಾರಿನ ಬಣ್ಣ ಹೋಗಿದೆ, ಸೀಟು ಹರಿದಿದೆ, ಉರಿಗಾಂ ಏರು ಮಾತ್ರ ಹತ್ತುತ್ತದೆ. ಅಣ್ಣನ ಮನೆಗೆ ಬಂದುಬಿಡು ಎಂದು ತವರಿನವರು ಕರೆದರು. ಪಾಪಕ್ಕ ಹೋಗಲಿಲ್ಲ.

ಬೆಳಕು ಹರಿಯುತ್ತಲೇ ರೈಲು ಕಂಬಿ ದಾಟಿ ಸೀ ನೀರಿನ ಬಾವಿಗೆ ಹೋಗುತ್ತಾಳೆ. ಒಂದು ಕೊಡ ಮನೆಗೆ, ಒಂದು ಕಾರಿಗೆ. ನಾನು ಹಾಕ್ಕೊಳ್ತೀನಿ ಎಂದು ಮುನಿಸ್ವಾಮಪ್ಪ ಹೇಳಿ ಹೇಳಿ ಸುಮ್ಮನಾಗಿದ್ದಾನೆ. ಅವಳು ರೇಡಿಯೇಟರಿನ ಬಾಯಿಗೆ ಹಳೇ ಸೀರೆ ತುಂಡು ಕಟ್ಟಿ, ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತಾಳೆ. ತುಂಬಿದ ಮೇಲೆ ಬಟ್ಟೆ ಹಿಂಡಿ, ಮುಚ್ಚಳ ಬಿಗಿಯುತ್ತಾಳೆ.