ಇದೆಹಾಸಿಕ

ನನ್ನ ಪುಸ್ತಕದ ಮೊದಲ ಮುದ್ರಣದ ಒಂದು ಪೆಟ್ಟಿಗೆ ಇವತ್ತಿಗೂ ನಮ್ಮ ಮನೆಯಲ್ಲಿ ಟವೆಲು ಬೆಚ್ಚಗಿಡುವ ಬಾಯ್ಲರ್ ಕಪಾಟಿನಲ್ಲಿದೆ. ಕೌನ್ಸಿಲ್‌ನವರ ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಿಬಿಡು ಎಂದು ಗಂಡ ಹತ್ತು ಸಲ ಹೇಳಿಯಾಯಿತು. ನಾನು ಹಾಕುವುದಿಲ್ಲ. ನನ್ನ ಪುಕ್ಕಲುತನಕ್ಕೆ ಅಷ್ಟು ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ. ಇರಲಿ, ಟವೆಲು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿರಲಿ.

ನಾನು ಎಜ್‌ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹುಟ್ಟಿದ್ದು ಧಾರವಾಡದಲ್ಲಿ. ಅಲ್ಲಿ ನಮ್ಮವ್ವ ಖಾನಾವಳಿ ನಡೆಸುತ್ತಾಳೆ. ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ, ಬಾಯಲ್ಲಿ ಊಟಕ್ಕೆ ಬಂದವರನ್ನು ಬೈಯುತ್ತ, ನಗಿಸುತ್ತ, ಅವರ ಮನೆಯ ಜಗಳ ಬಗೆಹರಿಸುತ್ತ ಆಕೆಯ ದಿನ ಹೋಗುತ್ತದೆ. ಫೋನಿನಲ್ಲಿ ಅವಳು ಹೇಳಿದ್ದನ್ನು ನಾನು ಆಸ್ಪತ್ರೆಯ ಬಸ್ಸಿನಲ್ಲಿ ಕೂತು ಬರೆದಿಡುತ್ತಿದ್ದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅದು ಪುಸ್ತಕದಷ್ಟಾಯಿತು.

ವಿಷಯ ತಿಳಿಸಿದಾಗ ಅವ್ವ ಒಂದೇ ಕರಾರು ಹಾಕಿದಳು. “ನಾ ಮೂರನೇ ಇಯತ್ತೆ ಕಲತಾಕಿ. ಇಲ್ಲೀತನಕ ಒಂದ್ ಪುಸ್ತಕಾನೂ ಪೂರಾ ಓದಿಲ್ಲ. ನಂದ ಬರದೀ ಅಂದ್ರ ನನಗ ಓದಾಕ ಬರೂಹಂಗ ಬರಿ, ಯವ್ವಾ.”

ಹಾಗೇ ಬರೆದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳದೇ ಮಾತು. ಜೀವಮಾನದಲ್ಲಿ ಒಂದು ಪುಸ್ತಕವನ್ನೂ ಮುಗಿಸದ ಹೆಂಗಸು ಇದೊಂದನ್ನು ಮುಗಿಸಬೇಕು ಎಂಬುದೇ ನನ್ನ ಆಸೆ. ಬಹುಮಾನ, ವಿಮರ್ಶೆ ಯಾವುದೂ ನನ್ನ ತಲೆಯಲ್ಲಿರಲಿಲ್ಲ.

ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ‘ವಸ್ತು ಚೆನ್ನಾಗಿದೆ, ಭಾಷೆ ಸಾಮಾನ್ಯ ಓದುಗರಿಗೆ ಕಷ್ಟ’ ಎಂದು ಉತ್ತರ ಬಂತು. ಇನ್ನೊಬ್ಬರು ಉತ್ತರವನ್ನೇ ಬರೆಯಲಿಲ್ಲ. ಧಾರವಾಡದಿಂದ ಬೀದರಿನವರೆಗೆ ಇರುವ ಜನ ಸಾಮಾನ್ಯ ಓದುಗರಲ್ಲವೇ? ಸರಿ, ನಾನೇ ಅಚ್ಚು ಹಾಕಿಸುತ್ತೇನೆ ಎಂದು ಪಟ್ಟು ಹಿಡಿದೆ.

ಆ ಕೆಲಸಕ್ಕೆ ನನಗೆ ಗುರುಗಳು ಯಾರೂ ಇರಲಿಲ್ಲ. ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆ ತೆಗೆದುಕೊಳ್ಳುವುದು, ಪುಟ ಹೆಚ್ಚಿದರೆ ಬೆನ್ನಿನ ದಪ್ಪ ಎಷ್ಟಾಗುತ್ತದೆಂದು ಲೆಕ್ಕ ಹಾಕುವುದು ಎಲ್ಲವನ್ನೂ ತಪ್ಪು ಮಾಡಿಯೇ ಕಲಿತೆ. ಮನೆಯಲ್ಲಿ ಕೂತೇ ಪುಸ್ತಕ ಮಾಡಿ ಎಂದು ಕರೆಯುತ್ತಿದ್ದ ಒಂದು ವೆಬ್‌ಸೈಟಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇರಲಿಲ್ಲ. ಇನ್ನೊಂದು ವೆಬ್‌ಸೈಟು ಫೈಲನ್ನು ತೆಗೆದುಕೊಂಡಿತು, ಆದರೆ ಬಂದ ಪ್ರೂಫಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿಬಿದ್ದಿದ್ದವು. ಅವ್ವನ ರೊಟ್ಟಿ ‘ರೊಟ್‌ಟಿ’ ಆಗಿ ಕೂತಿತ್ತು.

ಕೊನೆಗೆ ಲೀಡ್ಸ್‌ನಲ್ಲಿ ಒಂದು ಸಣ್ಣ ಮುದ್ರಣಾಲಯ ಸಿಕ್ಕಿತು. ಅದರ ಯಜಮಾನ ಯಾರ್ಕ್‌ಷೈರಿನ ಮುದುಕ. ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು, “ಇದರ ತಲೆ ಯಾವ ಕಡೆ?” ಎಂದು ಕೇಳಿದ. ಆಮೇಲೆ ಒತ್ತಕ್ಷರಗಳ ಮೇಲೆ ಬೆರಳಿಟ್ಟು, “ಕೆಳಗೆ ಬಿದ್ದಿರುವ ಈ ಚೂರುಗಳು ಬೇಕಾದವೋ, ಕಸವೋ?” ಎಂದ. ಒಂದು ಹೋದರೂ ನಮ್ಮವ್ವ ನಿನ್ನನ್ನು ಬಿಡುವುದಿಲ್ಲ ಎಂದೆ. ಅವನು ಗಂಭೀರವಾಗಿ ತಲೆಯಾಡಿಸಿ ಬರೆದುಕೊಂಡ.

ಇಷ್ಟು ಹಟ ಮಾಡಿದವಳು ಎಡವಿದ್ದು ಮುನ್ನುಡಿಯಲ್ಲಿ. ನಮ್ಮಲ್ಲಿ ಹೊಸಬರ ಪುಸ್ತಕಕ್ಕೆ ಹಿರಿಯರ ಮುನ್ನುಡಿ ಇರಲೇಬೇಕು, ಇಲ್ಲದಿದ್ದರೆ ಕುಂಕುಮವಿಲ್ಲದ ಲಗ್ನಪತ್ರಿಕೆಯಂತೆ ನೋಡುತ್ತಾರೆ. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಒಬ್ಬರು ನಿವೃತ್ತ ಡಾಕ್ಟರು ಇದ್ದರು, ಮೈಸೂರಿನವರು. ಸುತ್ತಲಿನ ಕನ್ನಡಿಗರಿಗೆಲ್ಲ ಅವರೇ ಹಿರಿಯರು. ರೈಲಿನಲ್ಲಿ ಮ್ಯಾಂಚೆಸ್ಟರಿಗೆ ಹೋಗಿ, ಅಲ್ಲಿಂದ ಟ್ರಾಮ್ ಹಿಡಿದು ಅವರ ಮನೆಗೆ ಹೋದೆ. ನಾನು ಮೊದಲೇ ಕಳಿಸಿದ್ದ ಹಸ್ತಪ್ರತಿಯನ್ನು ಅವರು ಆಗಲೇ ಪೂರ್ತಿ ಓದಿದ್ದರು, ಪ್ರತಿ ಪುಟದಲ್ಲೂ ಪೆನ್ಸಿಲ್ ಗುರುತು. ಮುನ್ನುಡಿಯನ್ನೂ ಬರೆದಿಟ್ಟಿದ್ದರು.

“ಬರವಣಿಗೆ ಚೆನ್ನಾಗಿದೆಯಮ್ಮ. ಆದರೆ ಈ ಐತಿ ಗೀತಿ ಎಲ್ಲ ತೆಗೆದುಬಿಡಿ. ಮ್ಯಾಂಚೆಸ್ಟರಿನಿಂದ ಕೊವೆಂಟ್ರಿವರೆಗೆ ಎಲ್ಲಾರೂ ಓದಬೇಕಲ್ಲ, ಸ್ವಲ್ಪ ಶುದ್ಧ ಮಾಡಿ.”

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಈ ದೇಶಕ್ಕೆ ಬಂದ ಹೊಸದರಲ್ಲಿ, ಒಂದು ಯುಗಾದಿ ಊಟದಲ್ಲಿ ‘ಹೋಳಿಗಿ ಛಲೋ ಐತ್ರಿ’ ಎಂದಿದ್ದಕ್ಕೆ ನಾಲ್ಕು ಜನ ಮುಖ ಮುಖ ನೋಡಿಕೊಂಡು ನಕ್ಕಿದ್ದರು. ಅವತ್ತಿನಿಂದ ನಾನೂ ಎಲ್ಲರ ಹಾಗೆ ‘ಇದೆ’ ಎನ್ನಲು ಕಲಿತಿದ್ದೆ. ಕಲಿತ ನಾಲಿಗೆ “ಆಯ್ತು ಸರ್” ಎಂದುಬಿಟ್ಟಿತು.

ಭಾನುವಾರ ಮಧ್ಯಾಹ್ನ ಅವರ ಮುನ್ನುಡಿಯನ್ನು ಫೈಲಿಗೆ ಸೇರಿಸಿ, ಇಡೀ ಪುಸ್ತಕದಲ್ಲಿ ‘ಐತಿ’ ಇರುವಲ್ಲೆಲ್ಲ ‘ಇದೆ’, ‘ಅವ್ವ’ ಇರುವಲ್ಲೆಲ್ಲ ‘ಅಮ್ಮ’ ಮಾಡು ಎಂದು ಕಂಪ್ಯೂಟರಿಗೆ ಹೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿತು. ಉಳಿದ ಮಾತುಗಳನ್ನೂ ಹಾಗೇ ಒಂದೊಂದಾಗಿ ತೊಳೆದೆ. ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿದೆ. ಲ್ಯಾಬಿನಲ್ಲಿ ಒಂದು ಸೀಸೆಯ ಲೇಬಲ್ಲನ್ನು ಮೂರು ಸಲ ಓದುವವಳು ನಾನು. ಆ ಫೈಲನ್ನು ಮಾತ್ರ ತಿರುಗಿ ಓದಲಿಲ್ಲ, ಓದಿದರೆ ಅಳು ಬರುತ್ತದೆಂದು ಗೊತ್ತಿತ್ತು.

ಬಿಡುಗಡೆ ಡಿಡ್ಸ್‌ಬರಿಯಲ್ಲೇ, ಒಂದು ಬಾಡಿಗೆ ಹಾಲ್‌ನಲ್ಲಿ. ಡಾಕ್ಟರು ಬಣ್ಣದ ಕಾಗದ ಬಿಚ್ಚಿ, ಪುಸ್ತಕ ಎತ್ತಿ ತೋರಿಸಿ, ತಮ್ಮ ಮುನ್ನುಡಿಯನ್ನು ಗಟ್ಟಿಯಾಗಿ ಓದತೊಡಗಿದರು.

“ಈ ಕೃತಿಯು ಕನ್ನಡಿಗರ ಪಾಲಿಗೆ ಒಂದು ಇದೆ... ಇದೆಹಾ... ಇದೆಹಾಸಿಕ ದಾಖಲೆ...”

ನಿಲ್ಲಿಸಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಹಿಂದಿನ ಸಾಲಿನಿಂದ, ಕೊವೆಂಟ್ರಿಯಿಂದ ಬಂದಿದ್ದ ಹುಬ್ಬಳ್ಳಿಯ ಒಬ್ಬ ಹೆಂಗಸು ಕೂಗಿದಳು. “ಇದೇ ಹಾಸಿಗಿ ಅಂತ ಐತೇನ್ರೀ, ಸರ?”

ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಡಾಕ್ಟರ ಮುಖ ಕೆಂಪಾಯಿತು. “ಏನಮ್ಮ ಇದು? ನಾನು ಐತಿಹಾಸಿಕ ಅಂತ ಬರೆದಿದ್ದೆ.”

ನನಗೆ ತಕ್ಷಣ ಹೊಳೆಯಿತು. ಯಂತ್ರ ನನಗಿಂತ ವಿಧೇಯ. ‘ಐತಿ’ಯನ್ನು ಕಂಡಲ್ಲೆಲ್ಲ ಹಿಡಿದು ಹೊರಹಾಕಿತ್ತು, ಡಾಕ್ಟರ ಶುದ್ಧ ‘ಐತಿಹಾಸಿಕ’ದ ಹೊಟ್ಟೆಯೊಳಗೆ ಅಡಗಿದ್ದುದನ್ನೂ ಬಿಡಲಿಲ್ಲ. “ಐತಿ ತೆಗೀರಿ ಅಂತ ನೀವೇ ಹೇಳಿದ್ರಲ್ಲ ಸರ್, ತೆಗೆದೆ” ಎಂದೆ. ನಗು ತಡೆಯಲಾಗಲಿಲ್ಲ.

ಆ ಒಂದು ಪದ ಸರಿಮಾಡಿ ಮತ್ತೆ ಅಚ್ಚು ಹಾಕಿಸಿ, ಸಾಕು ಎಂದರು ಅವರು. ಬಹುಶಃ ಅಷ್ಟೇ ಮಾಡುತ್ತಿದ್ದೆನೇನೋ. ಆದರೆ ಊರಿಗೆ ಹೊರಟಿದ್ದ ಗೆಳತಿಯ ಕೈಯಲ್ಲಿ ಒಂದು ಪ್ರತಿ ಅವ್ವನಿಗೆ ಕಳಿಸಿದ್ದೆ. ಮುಂದಿನ ವಾರ ಅವ್ವನ ಫೋನು ಬಂತು.

“ಚಂದ ಐತಿ ಯವ್ವಾ, ಮ್ಯಾಲಿನ ನನ್ನ ಫೋಟೋನೂ ಛಲೋ ಬಂದೈತಿ. ನಾಕ ಹಾಳಿ ಓದಿದೆ. ಆದ್ರ ಇದರಾಗ ಮಾತಾಡಾಕಿ ಯಾರ? ಖಾನಾವಳ್ಯಾಗ ಹಿಂಗ ನಾಜೂಕ ಮಾತಾಡಿದ್ರ ಯಾರೂ ಎರಡನೇ ರೊಟ್ಟಿ ಕೇಳಂಗಿಲ್ಲ.” ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಫೋಟೋದ ಪಕ್ಕ ಇಟ್ಟಿದ್ದೇನೆ ಎಂದಳು. ಓದುವುದನ್ನು ಬಿಟ್ಟಿದ್ದಳು.

ನನಗೆ ಡಾಕ್ಟರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂತು. ಸ್ವಂತ ಅವ್ವನನ್ನು ಅವಳದೇ ಪುಸ್ತಕದಿಂದ ನಾನೇ ಹೊರಗಟ್ಟಿದ್ದೆ.

ಮತ್ತೆ ಶುರುಮಾಡಿದೆ. ಈ ಸಲ ಯಂತ್ರಕ್ಕೆ ಬಿಡಲಿಲ್ಲ. ‘ಸಾರು ಐತಿಲ್ಲ?’ ಎಂಬಂಥ ಪ್ರಶ್ನೆಗಳನ್ನೆಲ್ಲ ಅದು ‘ಸಾರು ಇದೆಲ್ಲ?’ ಮಾಡಿಟ್ಟಿತ್ತು. ಬಸ್ಸಿನಲ್ಲಿ, ಲ್ಯಾಬಿನ ಊಟದ ಬಿಡುವಿನಲ್ಲಿ, ಒಂದೊಂದು ಸಾಲನ್ನೂ ಅವ್ವನ ದನಿಯಲ್ಲಿ ಬಾಯಿಬಿಟ್ಟು ಹೇಳಿಕೊಂಡು ಕೈಯಾರೆ ತಿದ್ದಿದೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗಿದ್ದೂ ಉಂಟು. ಹೋಗಲಿ.

ಡಾಕ್ಟರು ಫೋನು ಮಾಡಿದರು. “ನನ್ನ ಮುನ್ನುಡಿ ಇರುತ್ತಲ್ಲಮ್ಮ?”

“ಇಲ್ರೀ ಸರ. ಈ ಸಲ ನಮ್ಮವ್ವನೇ ಶುರು ಮಾಡ್ತಾಳ.”

“ಮುನ್ನುಡಿ ಇಲ್ಲದ ಪುಸ್ತಕ ಅಂದ್ರೆ ಜನ ಏನಂದ್ಕೊಳ್ತಾರೆ?”

“ಅನ್ಕೊಳ್ಳಲಿ ಬಿಡ್ರೀ.” ಅವರ ಮುಂದೆ ನಾನು ಧಾರವಾಡದ ಬಾಯಿ ತೆರೆದದ್ದು ಅದೇ ಮೊದಲು. ಖುಷಿಯಾಯಿತು.

ಲೀಡ್ಸ್‌ನ ಮುದುಕ ಮತ್ತೇಕೆ ಅಚ್ಚು ಎಂದು ಕೇಳಿದ. ಹೇಳಿದೆ. ಅವನು, “ಶಾಲೆಯಲ್ಲಿ ನನಗೂ ಅಮ್ಮನನ್ನು ‘ಮಮ್’ ಅನ್ನು ಅಂತ ಕಲಿಸಿದರು. ನಮ್ಮೂರ ಮಾತಿನಲ್ಲಿ ಅವಳು ‘ಮ್ಯಾಮ್’. ಅವಳ ಗೋರಿಕಲ್ಲಿನ ಮೇಲೂ ಅದನ್ನೇ ಕೆತ್ತಿಸಿದ್ದೇನೆ” ಎಂದ. ಆಮೇಲೆ ಒತ್ತಕ್ಷರಗಳು ಸರಿಯಿವೆಯೇ ಎಂದು ನೋಡಲು ಭೂತಗನ್ನಡಿ ತಂದ.

ಎರಡನೇ ಮುದ್ರಣ ಧಾರವಾಡ ಮುಟ್ಟಿ ಹದಿನೈದು ದಿನಕ್ಕೆ ಅವ್ವ ಫೋನು ಮಾಡಿದಳು. ಹಿಂದೆ ತಾಟುಗಳ ಸದ್ದು.

“ಮುಗೀತು ನೋಡು. ಪೂರಾ ಓದಿದೆ. ಈಗ ಇದರಾಗ ನಾ ಅದೀನಿ.”

ಇನ್ನೊಮ್ಮೆ ಹೇಳು ಎಂದೆ. ಅವಳು ಅದಕ್ಕೆಲ್ಲ ಪುರುಸೊತ್ತು ಕೊಡಲಿಲ್ಲ. “ಆದ್ರ ಒಂದ್ ತಪ್ಪ ಐತಿ. ಪುಂಡಿಪಲ್ಯಾಕ ನಾ ಸಕ್ರಿ ಹಾಕ್ತೀನಿ ಅಂತ ಬರದೀ. ನಾ ಎಂದ ಸಕ್ರಿ ಹಾಕೇನಿ? ತಿದ್ದು ಅದನ್ನ.”

ಮೂರನೇ ಮುದ್ರಣದಲ್ಲಿ ಸಕ್ಕರೆ ತೆಗೆಯುತ್ತೇನೆ. ಉಳಿದದ್ದು ಹೆಂಗೈತಿ ಹಂಗ ಇರತೈತಿ.