ಮಡಚಿ ಕೊಟ್ಟ ರುಮಾಲು

ಸೋಮವಾರ, ಮುಂಜಾನೆ ಹತ್ತು ಗಂಟೆ. ಸೊಲ್ಲಾಪುರದ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ಲಕ್ವಾ ಹೊಡೆದ ನನ್ನ ಅಣ್ಣ, ಅವನ ತಂಗಿ ನಾನು ಮತ್ತು ಯಂತ್ರ ನಡೆಸುವವರು ಇದ್ದೆವು. ಅಣ್ಣ ಚಪಳಗಾಂವದಲ್ಲಿ ಕುರಿ ಸಾಕಿದವನು. ಅವನ ತಲೆಯ ರುಮಾಲನ್ನು ಯಂತ್ರ ನಡೆಸುವವರೇ ಬಿಚ್ಚಿದರು. ಸ್ಕ್ಯಾನ್ ಮುಗಿದ ಮೇಲೆ ಅವರೇ ಸುತ್ತಿದರು.

"ಬಿಚ್ಚಿದಾವ್ರೇ ಸುತ್ತಬೇಕ್ರಿ. ಬರೇ ತಲಿಲೇ ಯಾರನ್ನೂ ಹೊರಗ ಕಳಸಂಗಿಲ್ಲ ನಾ," ಎಂದರು.

ಅಣ್ಣ ಸೊಟ್ಟ ಬಾಯಿಯಲ್ಲೇ, "ಸಡ್ಲ ಆಗೇದ," ಎಂದು ತಕರಾರು ತೆಗೆದ.

"ಮುಂದಿನ ಸಲ ಬಿಗಿ ಸುತ್ತತೀನ್ರಿ ಕಾಕಾ."

ಮಿದುಳಿನ ಬಗ್ಗೆ ಏನು ಕೇಳಿದರೂ ಅವರದು ಒಂದೇ ಮಾತು: "ಫೋಟೋ ತೆಗಿಯೂದು ನಂದು, ಹೇಳೂದು ಡಾಕ್ಟರದು."

ಬುಧವಾರ ಅಣ್ಣನ ಮಾತು ನಿಂತಿತು. ಕಣ್ಣು ಮಾತ್ರ ತೆರೆದಿದ್ದವು. ಮತ್ತೆ ಸ್ಕ್ಯಾನ್ ಆಯಿತು. ಗಾಜಿನಾಚೆ ಅವರು ಪರದೆ ನೋಡುತ್ತ ಬಹಳ ಹೊತ್ತು ಕೂತರು.

"ಇನ್ನ ಮಾತಾಡ್ತಾನೇನ್ರಿ?" ಎಂದೆ.

"ಡಾಕ್ಟರ್ ಹೇಳ್ತಾರ್ರಿ ಮಾವಶಿ."

ಆ ದಿನ ಅವರು ರುಮಾಲು ಸುತ್ತಲಿಲ್ಲ. ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟರು.

ಸಂಜೆ ಐದಕ್ಕೆ ಡಾಕ್ಟರು ಫಿಲ್ಮ್ ತೋರಿಸಿದರು. ಮಿದುಳಿನ ಎಡಭಾಗವೆಲ್ಲ ಕಪ್ಪಾಗಿತ್ತು. ಮಾತು ಬರುವುದಿಲ್ಲ, ಏಳುವುದೂ ಇಲ್ಲ ಎಂದರು. ಮನೆಗೆ ಬಂದು, ಮಡಿಕೆ ಬಿಚ್ಚದೆ ರುಮಾಲನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.