ಮೂರು ಸಲ ಓಡಿಸಿದ ಮೇಡಂ

ಮೊನ್ನೆ ಹೊಸನಗರದ ನಮ್ಮ ಶಾಲೆಯ ಮೈದಾನದಲ್ಲಿ ಗೆರೆ ಎಳೆಯುತ್ತಿದ್ದರು. ಒದ್ದೆ ಹುಲ್ಲಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಏಳುವ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ನಗು ಬಂತು. ಪಕ್ಕದಲ್ಲಿದ್ದ ಟೀಚರ್ ಯಾಕೆಂದು ಕೇಳಿದರು. ಎಲ್ಲಿಂದ ಹೇಳುವುದು...

ಸಾಗರದ ಕಾಲೇಜಿನಲ್ಲಿ ನಮಗೆ, ಹುಡುಗಿಯರಿಗೆ, ಫುಟ್‌ಬಾಲ್ ಕಲಿಸಿದವರು ನಮ್ಮ ಪಿ.ಟಿ. ಮೇಡಂ. ಐವತ್ತರ ಆಸುಪಾಸು, ಗುಂಡಗಿನ ಮೈ, ಚೂಡಿದಾರದ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ನಾನು ನಿಟ್ಟೂರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ಆ ವರ್ಷ ಟೂರ್ನಮೆಂಟಿಗೆ ತಂಡ ಆರಿಸುವಾಗ, ಬೀಪ್ ಟೆಸ್ಟ್ ಮಾಡಿ ದಮ್ಮಿದ್ದವರನ್ನಷ್ಟೇ ತೆಗೆದುಕೊಳ್ಳಬೇಕೆಂದು ಕ್ರೀಡಾ ಸಮಿತಿಯ ಸರ್ ಹೇಳಿದರು. ಎರಡು ಸುಣ್ಣದ ಗೆರೆಗಳ ನಡುವೆ ಸ್ಪೀಕರಿನ ಸದ್ದಿಗೆ ಸರಿಯಾಗಿ ಓಡುತ್ತಿರಬೇಕು. ಸದ್ದು ಬರಬರುತ್ತ ಬೇಗ ಬೇಗ ಕೇಳಿಸುತ್ತದೆ. ಅದರೊಳಗೆ ಗೆರೆ ಮುಟ್ಟಲಾಗದವರು ಹೊರಗೆ.

ಎಲ್ಲರಿಗಿಂತ ಮೊದಲು ಹೊರಬಿದ್ದವಳು ನಾನು. ಪಂದ್ಯದಲ್ಲಿ ಕೊನೆಯವರೆಗೂ ಓಡುವವಳು, ಅಂದು ಮೈದಾನದ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡೆ. ಸರ್ ನನ್ನ ಹೆಸರು ಬಿಡಲು ಹೇಳಿದರು. ಮೇಡಂ ನನ್ನ ಬಳಿ ಬಂದು, ಬೆಳಿಗ್ಗೆ ಎಂತ ತಿಂದಿದ್ದೆ ಎಂದು ಕೇಳಿದರು. ಏನೂ ಇಲ್ಲ, ತಿಂದರೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ, ಇಳಿದವಳೇ ಇಲ್ಲಿಗೆ ಬಂದೆ ಎಂದೆ. ಅವರು ಸರ್ ಕಡೆ ತಿರುಗಿದರು.

"ಇವತ್ತು ನಾವು ಅಳೆದಿದ್ದು ಇವಳ ದಮ್ಮಲ್ಲ ಸರ್, ನಿಟ್ಟೂರು ರಸ್ತೆ ತಿರುವನ್ನ."

ಮುಂದಿನ ಶನಿವಾರ ಮತ್ತೊಮ್ಮೆ ಓಡಿಸಲು ಸರ್ ಗೊಣಗುತ್ತಲೇ ಒಪ್ಪಿದರು. ಹಿಂದಿನ ಸಂಜೆಯೇ ಮೇಡಂ ನನ್ನನ್ನು ತಮ್ಮ ಮನೆಯಲ್ಲಿ ಉಳಿಸಿಕೊಂಡರು. ಬೆಳಿಗ್ಗೆ ಇಡೀ ತಂಡಕ್ಕೆ ಅವರ ಮನೆಯಲ್ಲೇ ಅವಲಕ್ಕಿ. ಎಲ್ಲರ ಹೊಟ್ಟೆಯಲ್ಲೂ ಒಂದೇ ತಿಂಡಿ ಇರಬೇಕಂತೆ. ಅದೇ ಹೊತ್ತು, ಅದೇ ಗೆರೆ, ಅವರವರ ಅದೇ ಶೂ. ಸಾಲಿನ ಕೊನೆಗೆ ದುಪಟ್ಟಾ ಸೊಂಟಕ್ಕೆ ಬಿಗಿದು ಅವರೂ ನಿಂತರು. ನಾವು ಮುಖ ಮುಖ ನೋಡಿಕೊಂಡೆವು. ಸದ್ದು ಶುರುವಾಗಿ ಸ್ವಲ್ಪ ಹೊತ್ತಿಗೇ ಮೇಡಂ ಏದುಸಿರು ಬಿಡುತ್ತ ನಿಂತರು. ನಗು ತಡೆಯಲಾಗದೆ ಗೋಲ್‌ಕೀಪರ್ ಹುಡುಗಿಯೂ ನಿಂತುಬಿಟ್ಟಳು. ನಾನು ಮಾತ್ರ ಓಡುತ್ತಲೇ ಇದ್ದೆ. ಕೊನೆಗೆ ಉಳಿದ ಮೂವರಲ್ಲಿ ನಾನೂ ಒಬ್ಬಳು.

ಸರ್‌ಗೆ ಅನುಮಾನ. ಮೊದಲ ಸಲದ್ದು ಸುಳ್ಳಾದರೆ ಇದೂ ಯಾಕೆ ಸುಳ್ಳಿರಬಾರದು ಎಂದರು. ಮೇಡಂ ಬೇಸರಪಡಲಿಲ್ಲ, ಅವರ ಮುಖ ಅರಳಿತು. "ನಾನೂ ಅದನ್ನೇ ಹೇಳ್ತಿರೋದು ಸರ್. ಇನ್ನೊಂದ್ಸಲ ಓಡಿಸಿ ನೋಡಣ."

ಮೂರನೆಯ ಶನಿವಾರವೂ ಅವಲಕ್ಕಿಯಾಯಿತು, ಓಟವಾಯಿತು. ನಾನು ಹೆಚ್ಚುಕಡಿಮೆ ಹಿಂದಿನ ಸಲದಷ್ಟೇ ಓಡಿದೆ. ಉಳಿದವರೂ ಅಷ್ಟೇ. ಅದಕ್ಕಿಂತ ದೊಡ್ಡ ಸುದ್ದಿ ಎಂದರೆ, ಮೇಡಂ ಕೂಡ ಹಿಂದಿನ ಸಲ ಎಲ್ಲಿ ನಿಂತಿದ್ದರೋ ಸರಿಯಾಗಿ ಅಲ್ಲೇ ನಿಂತರು. ಒಂಚೂರೂ ಸುಧಾರಿಸಲಿಲ್ಲವೆಂದು ಅಷ್ಟು ಖುಷಿಪಟ್ಟವರನ್ನು ನಾನು ಆಮೇಲೆ ಕಂಡಿಲ್ಲ. ಗೆರೆಯ ಮೇಲೇ ಕೂತು ಚಪ್ಪಾಳೆ ತಟ್ಟಿದರು. "ನೋಡಿ ಸರ್, ನಾನೂ ಅಲ್ಲೇ ಇದೀನಿ. ಅಂದ್ಮೇಲೆ ಟೆಸ್ಟು ಸರಿ ಇದೆ."

ಸರ್ ನಕ್ಕುಬಿಟ್ಟರು. ನಾನು ತಂಡದಲ್ಲಿ ಉಳಿದೆ. ತೀರ್ಥಹಳ್ಳಿಯಲ್ಲಿ ಆಡಿದೆವು, ಸೆಮಿಫೈನಲ್‌ನಲ್ಲಿ ಸೋತೆವು. ವಾಪಸು ಬರುವ ದಾರಿಯುದ್ದಕ್ಕೂ ಹಾಡಿದೆವು, ಗೆದ್ದವರ ಹಾಗೆ.

ಆಮೇಲೆ ನಾನೂ ದೈಹಿಕ ಶಿಕ್ಷಕಿಯಾದೆ. ಮೇಡಂ ನಿವೃತ್ತರಾಗಿ ಹುಂಚದಲ್ಲಿ ಅಕ್ಕನ ಮನೆ ಸೇರಿದರು. ರಜೆ ಬಂತೆಂದರೆ ಹಿಂದಿನ ಸಂಜೆ ಶಾಲೆಯ ಗೇಟಿನಲ್ಲೇ ಬಸ್ಸು ಹತ್ತಿ ಹೋಗುತ್ತಿದ್ದೆ. ಟಿವಿಯಲ್ಲಿ ಫುಟ್‌ಬಾಲ್ ಹಾಕಿಕೊಂಡು, ಆಟಗಾರರನ್ನು ಬೈಯುತ್ತ, ನನಗೆ ಚಹಾ ಕೊಡುವುದನ್ನೇ ಮರೆತು ಕೂರುತ್ತಿದ್ದರು...

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಹುಂಚದ ಬಸ್ಸು ಸಂಜೆ ನಮ್ಮ ಶಾಲೆಯ ಮುಂದೆಯೇ ಹಾದುಹೋಗುತ್ತದೆ. ಗೇಟಿನಲ್ಲಿ ನಾನಿದ್ದರೆ ಕಂಡಕ್ಟರ್ ಈಗಲೂ ಬಸ್ಸು ನಿಧಾನ ಮಾಡಿಸುತ್ತಾನೆ. ಬರುವುದಿಲ್ಲವೆಂದು ಕೈಯಾಡಿಸುತ್ತೇನೆ.